ಕಂಟ್ರೋಲ್ ಲೈನ್ ವಿಮಾನ ಹಾರಿಸ್ತೀರಾ? ಮೊದಲು ಲೀಡ್‌ಔಟ್ ಗಟ್ಟಿ ಮಾಡಿಕೊಳ್ಳಿ

ಎನ್‌ಸಿಸಿ ಏರ್ ವಿಂಗ್‌ನಲ್ಲಿ ಏರೋಮಾಡೆಲಿಂಗ್ ಮಾಡಿದವರಿಗೆ ಇದು ಗೊತ್ತಿರುತ್ತದೆ. ಕೈಯಲ್ಲಿ ಹ್ಯಾಂಡಲ್, ಅದರಿಂದ ಹೊರಟ ಎರಡು ಉಕ್ಕಿನ ತಂತಿ, ಆ ತುದಿಯಲ್ಲಿ ನಮ್ಮ ಸುತ್ತ ಗಿರಕಿ ಹೊಡೆಯುವ ವಿಮಾನ. ತಂತಿಗಳನ್ನು ಸಿಕ್ಕಿಸುವುದು ಎಡರೆಕ್ಕೆಯ ತುದಿಯಿಂದ ಹೊರಗೆ ಬಂದಿರುವ ಎರಡು ಗಿಡ್ಡ ಕೇಬಲ್‌ಗಳಿಗೆ. ಇವೇ ಲೀಡ್‌ಔಟ್. ರೆಕ್ಕೆಯೊಳಗೆ ಇವು ಬೆಲ್‌ಕ್ರ್ಯಾಂಕ್‌ಗೆ ಸೇರುತ್ತವೆ, ನಡುವಿನ ಮೊಳೆಯ ಮೇಲೆ ತಿರುಗುವ ಈ ಸಣ್ಣ ತಟ್ಟೆ ಎಲಿವೇಟರನ್ನು, ಅಂದರೆ ಬಾಲದಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಯನ್ನು, ಆಡಿಸುತ್ತದೆ.

1.2 ಕಿಲೋ ತೂಕದ ಮಾಡೆಲ್ 18 ಮೀಟರ್ ತಂತಿಯಲ್ಲಿ ಐದೂವರೆ ಸೆಕೆಂಡಿಗೆ ಒಂದು ಸುತ್ತು ಹಾಕಿದರೆ ಸುಮಾರು 3 ಕಿಲೋದಷ್ಟು ಎಳೆತ ಬೀಳುತ್ತದೆ. ತಂತಿ ಕಿತ್ತರೆ ವಿಮಾನ ಎಲ್ಲಿಗೆ ಹೋಗುತ್ತದೋ ಹೇಳಲಾಗದು.

ಕೆಲಸ ಶುರುವಾಗುವುದು ರೆಕ್ಕೆಗೆ ಹೊದಿಕೆ ಹಾಕುವ ಮೊದಲೇ, ಆಮೇಲೆ ಒಳಗೆ ಕೈ ಹೋಗುವುದಿಲ್ಲ. ಈ ಅಳತೆಯ ಮಾಡೆಲ್‌ಗೆ 0.7 ಮಿ.ಮೀ. ದಪ್ಪದ, ಹಲವು ಎಳೆಗಳ ಸ್ಟೀಲ್ ಕೇಬಲ್ ತೆಗೆದುಕೊಳ್ಳಿ. ಬೆಲ್‌ಕ್ರ್ಯಾಂಕಿನ ತೂತಿಗೆ ಹಿತ್ತಾಳೆಯ ಸಣ್ಣ ಬುಷ್, ಅಂದರೆ ಕೊಳವೆ, ಕೂರಿಸಿ, ಇಲ್ಲದಿದ್ದರೆ ಕೇಬಲ್ ಗರಗಸದ ಹಾಗೆ ಅದನ್ನು ಕೊಯ್ಯುತ್ತದೆ.

ಇನ್ನು ತುದಿ ಕಟ್ಟುವುದು. ಇಲ್ಲಿ ಆತುರ ಬೇಡ. ಕೇಬಲನ್ನು ತೂತಿನಲ್ಲಿ ತೂರಿಸಿ ಕುಣಿಕೆ ಮಾಡಿ, ತುದಿಯನ್ನು ಮುಖ್ಯ ಕೇಬಲ್ಲಿಗೆ ಒತ್ತಿ ಹಿಡಿದು, ಸಿಪ್ಪೆ ಸುಲಿದ ತೆಳ್ಳನೆ ತಾಮ್ರದ ತಂತಿಯನ್ನು ಸುತ್ತುಗಳು ಒಂದಕ್ಕೊಂದು ತಾಗುವಂತೆ 12 ಮಿ.ಮೀ. ಉದ್ದಕ್ಕೆ ಸುತ್ತಿ. ಕೇಬಲಿನ ಉಳಿದ ತುದಿಯನ್ನು ಹಿಂದಕ್ಕೆ ಮಡಚಿ ಅದರ ಮೇಲೆ ಇನ್ನೊಂದು ಪದರ ತಾಮ್ರದ ತಂತಿ ಸುತ್ತಿ. ಆ ಮಡಿಕೆಯೇ ಜಾರದಂತೆ ಹಿಡಿಯುವುದು. ಇಕ್ಕಳದಿಂದ ಕೇಬಲನ್ನು ಹಿಂಡಬೇಡಿ, ಗೀರು ಬಿದ್ದ ಕಡೆಯೇ ಎಳೆ ಕಡಿಯುತ್ತದೆ. ಬೆಸುಗೆಯೂ ಬೇಡ. ಒಮ್ಮೆ ನಾನು ಬೆಸುಗೆ ಹಾಕಿ ಗಟ್ಟಿಯಾಯ್ತು ಅಂದುಕೊಂಡಿದ್ದೆ. ಕೆಲವು ವಾರ ಕಳೆದ ಮೇಲೆ, ಬೆಸುಗೆ ಮುಗಿದು ಕೇಬಲ್ ಬಾಗುವ ಸರಿಯಾಗಿ ಅದೇ ಜಾಗದಲ್ಲಿ ಎರಡು ಎಳೆ ಮುರಿದಿದ್ದವು. ಹಾರಿಸುವ ಮೊದಲೇ ಕಣ್ಣಿಗೆ ಬಿತ್ತು, ನಮ್ಮ ಪುಣ್ಯ.

ಹೊರಗಿನ ತುದಿಗೂ ಹೀಗೇ ಕಟ್ಟಿ. ಆದರೆ ಎಲಿವೇಟರ್ ಪೂರ್ತಿ ಮೇಲೆ, ಪೂರ್ತಿ ಕೆಳಗೆ ಹೋದಾಗಲೂ ಎರಡೂ ಕುಣಿಕೆ ರೆಕ್ಕೆಯಿಂದ ಕನಿಷ್ಠ ಐದು ಸೆಂ.ಮೀ. ಆಚೆ ಇರಬೇಕು. ಇಲ್ಲಾಂದ್ರೆ ಕುಣಿಕೆಗೆ ಉಕ್ಕಿನ ತಂತಿ ಸಿಕ್ಕಿಸುವ ಕೊಂಡಿ, ಅಂದರೆ ಕನೆಕ್ಟರ್, ಬಂದು ರೆಕ್ಕೆತುದಿಯ ಗೈಡ್‌ಗೆ ಸಿಕ್ಕಿಕೊಳ್ಳುತ್ತದೆ, ಎಲಿವೇಟರ್ ಅಲ್ಲೇ ನಿಂತುಬಿಡುತ್ತದೆ.

ಗೈಡ್ ಅಂದರೆ ಕೇಬಲ್ ಹೊರಬರುವ ನುಣುಪಾದ ಕಿಂಡಿಗಳು. ಹಿಂದೆ ಮುಂದೆ ಸರಿಸಲು ಬರುವಂಥದ್ದೇ ಒಳ್ಳೆಯದು. ಹಾರುವಾಗ ಗಾಳಿ ತಂತಿಯನ್ನು ಹಿಂದಕ್ಕೆ ಬಾಗಿಸುತ್ತದೆ ಅಲ್ವಾ, ಹಾಗಾಗಿ ಎರಡು ಕಿಂಡಿಗಳ ನಡುವಿನ ಬಿಂದು ವಿಮಾನದ ತೂಕದ ಕೇಂದ್ರಕ್ಕಿಂತ ಸುಮಾರು 20 ಮಿ.ಮೀ. ಹಿಂದೆ ಇರಲಿ. ಜಾಸ್ತಿ ಮುಂದಿದ್ದರೆ ಮೂಗು ಒಳಗೆ ತಿರುಗಿ ತಂತಿ ಸಡಿಲವಾಗುತ್ತದೆ, ಆಗ ವಿಮಾನ ನಿಮ್ಮ ಮಾತು ಕೇಳುವುದಿಲ್ಲ. ಜಾಸ್ತಿ ಹಿಂದಿದ್ದರೆ ಮೂಗು ಹೊರಗೆ ತಿರುಗಿ ಓರೆಯಾಗಿ ಹಾರುತ್ತದೆ. ಮೊದಲ ಹಾರಾಟದ ನಂತರ ಒಂದು ಸಲಕ್ಕೆ 3 ಮಿ.ಮೀ. ಮಾತ್ರ ಸರಿಸಿ ನೋಡಿ.

ಮೈದಾನದಲ್ಲಿ ಎಳೆದು ನೋಡದೆ ಎಂಜಿನ್ ಶುರು ಮಾಡಬೇಡಿ. ಒಬ್ಬರು ವಿಮಾನವನ್ನು ಬೆಲ್‌ಕ್ರ್ಯಾಂಕ್ ಹತ್ತಿರ ಭದ್ರವಾಗಿ ಹಿಡಿಯಲಿ, ಇನ್ನೊಬ್ಬರು ಹ್ಯಾಂಡಲ್‌ಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ವಿಮಾನದ ತೂಕದ ಹತ್ತರಷ್ಟು, ಅಂದರೆ ನಮ್ಮ ಮಾಡೆಲ್‌ಗೆ 12 ಕಿಲೋ, ನಿಧಾನವಾಗಿ ಎಳೆಯಲಿ. ಹ್ಯಾಂಡಲ್ ಮೇಲೆತ್ತಿದಾಗ ಎಲಿವೇಟರೂ ಮೇಲೇಳುತ್ತದಾ ನೋಡಿ, ಹ್ಯಾಂಡಲಿನ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಿ. ಹತ್ತಿರದಲ್ಲಿ ಕರೆಂಟ್ ತಂತಿ ಇದ್ದರೆ ಅಲ್ಲಿ ಹಾರಿಸಲೇಬೇಡಿ, ಕೈಯಲ್ಲಿರುವುದು ಉಕ್ಕಿನ ತಂತಿ.

ಮನೆಗೆ ಬಂದ ಮೇಲೆ ಚೂರು ಹತ್ತಿಯನ್ನು ಲೀಡ್‌ಔಟ್ ಮೇಲೆ ಸವರಿ. ಕಣ್ಣಿಗೆ ಕಾಣದ ಮುರಿದ ಎಳೆಗೂ ಹತ್ತಿ ಸಿಕ್ಕಿಕೊಳ್ಳುತ್ತದೆ. ಒಂದೇ ಎಳೆ ಹೋಗಿದ್ದರೂ ಆ ಕೇಬಲ್ ತೆಗೆದುಹಾಕಿ, ಅದಕ್ಕಾಗಿ ರೆಕ್ಕೆಯ ಹೊದಿಕೆ ಕತ್ತರಿಸಬೇಕಾಗಿ ಬಂದರೂ ಸರಿ.