ಗಿಟ್ ಲಾಗ್ ನೋಡಿ ಮಾಡ್ಯೂಲ್ ಕತ್ತರಿಸಿದ್ದು: ನನ್ನ ಅನುಭವ

ನಮ್ಮ ಬಿಲ್ಲಿಂಗ್ ಸಿಸ್ಟಂನಲ್ಲಿ ಹೊಸ ರಿಯಾಯಿತಿ ಸೇರಿಸೋಕೆ ಮುಂಚೆ ಮೂರು ವಾರ ಹಿಡಿಯುತ್ತಿತ್ತು. ಈಗ ಒಂದೆರಡು ದಿನ ಸಾಕು. ಗಿಟ್ ಲಾಗ್ ಅಂದರೆ ಕೋಡ್‌ಗೆ ಆದ ಪ್ರತಿ ಬದಲಾವಣೆಯ (ಕಮಿಟ್) ದಾಖಲೆ. ಅದನ್ನು ನೋಡಿ ಕೋಡನ್ನು ಭಾಗಗಳಾಗಿ (ಮಾಡ್ಯೂಲ್) ವಿಂಗಡಿಸೋ ಈ ದಾರಿ ಹೇಳಿದಾಗ ತಂಡದಲ್ಲಿ ಯಾರೂ ಒಪ್ಪಿರಲಿಲ್ಲ. "ಹಳೇ ಕಮಿಟ್ ನೋಡ್ಕೊಂಡು ಡಿಸೈನ್ ಮಾಡ್ತಾರಾ?" ಅಂದಿದ್ದರು. ಕೆಲಸ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಷ್ಟೊತ್ತಿಗೆ ಎರಡು ದಾರಿಗೆ ದುಡ್ಡು ಸುರಿದಾಗಿತ್ತು. ಮೊದಲನೆಯದು ಮೈಕ್ರೋಸರ್ವಿಸ್, ಅಂದರೆ ಒಂದು ಸಿಸ್ಟಂ ಅನ್ನು ಬೇರೆಬೇರೆಯಾಗಿ ಓಡೋ ಸಣ್ಣ ಸರ್ವಿಸ್‌ಗಳಾಗಿ ಒಡೆಯೋದು. ಗ್ರಾಹಕ, ಆರ್ಡರ್, ಬಿಲ್, ಪಾವತಿ ಅಂತ ಟೇಬಲ್‌ಗಳ ಹೆಸರು ನೋಡಿಯೇ ಒಡೆದಿದ್ದರು. ಒಂದು ರಿಯಾಯಿತಿಗೆ ನಾಲ್ಕು ಸರ್ವಿಸ್ ಮುಟ್ಟಬೇಕು, ನಾಲ್ಕನ್ನೂ ಕ್ರಮ ತಪ್ಪದೆ ಡಿಪ್ಲಾಯ್ ಮಾಡಬೇಕು (ಸರ್ವರ್‌ಗೆ ಏರಿಸಬೇಕು). ಕ್ಲೌಡ್ ಬಿಲ್ ಹೆಚ್ಚುಕಮ್ಮಿ ಮೂರು ಪಟ್ಟಾಯಿತು. ಅದರಲ್ಲಿ ದೊಡ್ಡ ಪಾಲು ಲಾಗ್ ಇಟ್ಟುಕೊಳ್ಳೋಕೆ ಮತ್ತು ಸುಮ್ನೆ ಓಡುತ್ತಿದ್ದ ಕಂಟೇನರ್‌ಗಳಿಗೆ ಹೋಗುತ್ತಿತ್ತು. ಫಂಕ್ಷನ್ ಕಾಲ್ ಇದ್ದ ಜಾಗಕ್ಕೆ ನೆಟ್‌ವರ್ಕ್ ಕಾಲ್ ಬಂತು, ಒಂದಕ್ಕೊಂದರ ಅಂಟು ಮಾತ್ರ ಹಾಗೇ ಉಳಿಯಿತು.

ಎರಡನೆಯದು ರೂಲ್ ಎಂಜಿನ್, ಅಂದರೆ ನಿಯಮಗಳನ್ನು ಕೋಡ್‌ನ ಹೊರಗೆ ಬರೆದಿಟ್ಟು ಓಡಿಸೋ ಸಾಫ್ಟ್‌ವೇರ್. ಎಲ್ಲವನ್ನೂ ಕಾನ್ಫಿಗರೇಶನ್‌ಗೆ ಹಾಕಿಬಿಟ್ಟರೆ ಕೋಡ್ ಮುಟ್ಟೋದೇ ಬೇಡ ಅನ್ನೋ ಆಸೆ. ಲೈಸೆನ್ಸ್‌ಗೆ ಒಬ್ಬ ಹಿರಿಯ ಡೆವಲಪರ್‌ನ ವರ್ಷದ ಸಂಬಳದಷ್ಟು ಹೋಯಿತು. ಆರೇಳು ತಿಂಗಳಲ್ಲಿ ಕಾನ್ಫಿಗರೇಶನ್ ಬರೆಯೋ ಯಾಮಲ್ ಫೈಲೊಳಗೆ ಷರತ್ತು, ಲೂಪ್, ವೇರಿಯಬಲ್ ಎಲ್ಲ ಬಂದು ಕೂತವು. ಅದೂ ಪ್ರೋಗ್ರಾಮೇ ಅಲ್ವಾ? ಆದರೆ ಡಿಬಗರ್ ಇಲ್ಲ, ಟೆಸ್ಟ್ ಇಲ್ಲ.

ಬದಲಾಗಬಹುದಾದ ನಿರ್ಧಾರವನ್ನು ಒಂದೇ ಮಾಡ್ಯೂಲ್‌ನೊಳಗೆ ಮುಚ್ಚಿಡಿ ಅಂತ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಸ್ 1972ರಲ್ಲೇ ಬರೆದಿದ್ದಾರೆ. ಅದು ನಮಗೆಲ್ಲ ಗೊತ್ತು. ಯಾವುದು ಬದಲಾಗುತ್ತದೆ ಅನ್ನೋದೇ ತಕರಾರು. ಡೇಟಾಬೇಸ್ ಬದಲಾದೀತು ಅಂತ ಅದರ ಮೇಲೆ ಎರಡು ಪದರ ಕಟ್ಟಿದ್ದರು. ಇವತ್ತಿಗೂ ಅಲ್ಲಿ ಇರೋದು ಅದೇ ಪೋಸ್ಟ್‌ಗ್ರೆಸ್ ಡೇಟಾಬೇಸ್.

ಊಹೆ ಬಿಟ್ಟು ನಾನು ಗಿಟ್ ಲಾಗ್‌ಗೆ ನೇಮ್-ಓನ್ಲಿ (ಬದಲಾದ ಫೈಲ್‌ಗಳ ಹೆಸರು ತೋರಿಸೋ ಆಯ್ಕೆ) ಕೊಟ್ಟು ಮೂರು ವರ್ಷದ ಕಮಿಟ್ ತೆಗೆದೆ, ಹತ್ತು ಸಾವಿರದ ಆಸುಪಾಸು. ಯಾವ ಫೈಲ್ ಜೊತೆ ಯಾವುದು ಬದಲಾಗಿದೆ ಅಂತ ಎಣಿಸೋಕೆ ನೂರು ಸಾಲಿನ ಪೈಥಾನ್ ಸಾಕಾಯಿತು. ಮರ್ಜ್ ಕಮಿಟ್ (ಕೋಡ್‌ನ ಎರಡು ಕವಲು ಸೇರಿಸಿದ್ದು), ಫಾರ್ಮ್ಯಾಟಿಂಗ್ ಕಮಿಟ್ (ಕೋಡ್‌ನ ರೂಪ ಮಾತ್ರ ತಿದ್ದಿದ್ದು) ತೆಗೆದುಹಾಕಲೇಬೇಕು, ಇಲ್ಲದಿದ್ದರೆ ಎಲ್ಲವೂ ಎಲ್ಲದಕ್ಕೂ ಅಂಟಿಕೊಂಡ ಹಾಗೆ ಕಾಣುತ್ತದೆ. ಹಳೇ ಕಮಿಟ್‌ಗೆ ಎಷ್ಟು ತೂಕ ಕೊಟ್ಟೆ ಅನ್ನೋದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದು ಕೈಗೆ ಹತ್ತೋಕೆ ತುಂಬಾ ದಿನ ಹಿಡಿದಿದೆ.

ದರದ ಲೆಕ್ಕ, ರೀಫಂಡ್, ಬಿಲ್‌ನ ಪಿಡಿಎಫ್ ಟೆಂಪ್ಲೇಟ್: ಈ ಮೂರೂ ಹತ್ತರಲ್ಲಿ ಆರೇಳು ಸಲ ಒಟ್ಟಿಗೇ ಬದಲಾಗಿದ್ದವು. ಕೂತಿದ್ದು ಮಾತ್ರ ಮೂರು ಬೇರೆ ಸರ್ವಿಸ್‌ಗಳಲ್ಲಿ. ಮೂರನ್ನೂ ಎಳೆದು ಒಂದೇ ಮಾಡ್ಯೂಲ್‌ಗೆ ಹಾಕಿದೆ. ಒಡೆದದ್ದನ್ನು ಮತ್ತೆ ಸೇರಿಸೋದಕ್ಕೆ ತುಂಬಾ ಮಾತು ಕೇಳಬೇಕಾಯಿತು.

ಒಳಗೆ ದರಗಳನ್ನು ಕೋಡ್‌ನಿಂದ ಟೇಬಲ್‌ಗೆ ತಂದೆ. ಪ್ರತಿ ಸಾಲಿಗೂ 'ಈ ದಿನದಿಂದ', 'ಈ ದಿನದವರೆಗೆ' ಅಂತ ಎರಡು ತಾರೀಖು. ಹಳೇ ದರ ಅಳಿಸೋ ಹಾಗಿಲ್ಲ, ಮುಗಿಯೋ ತಾರೀಖು ಹಾಕಿ ಹೊಸ ಸಾಲು ಸೇರಿಸಬೇಕು. ಲೆಕ್ಕ ಮಾಡುವಾಗ ಇವತ್ತಿನ ತಾರೀಖು ಕೇಳಲೇಬಾರದು, ಬಿಲ್‌ನ ತಾರೀಖನ್ನೇ ಒಳಗೆ ಕಳಿಸಬೇಕು. ಇಷ್ಟು ಮಾಡಿದ ಮೇಲೆ ಹೋದ ವರ್ಷದ ಬಿಲ್‌ಗೆ ರೀಫಂಡ್ ಕೇಳಿದರೆ ಹೋದ ವರ್ಷದ ದರವೇ ಬರುತ್ತದೆ. ಮುಂದಿನ ತಿಂಗಳ ದರವನ್ನು ಇವತ್ತೇ ತುಂಬಿಟ್ಟು ಮನೆಗೆ ಹೋಗಬಹುದು.

ಹೊಸದನ್ನು ಒಂದೇ ಸಲ ಚಾಲೂ ಮಾಡಲಿಲ್ಲ. ಒಂದೂವರೆ ತಿಂಗಳಷ್ಟು ಹಳೇದೂ ಹೊಸದೂ ಎರಡೂ ಲೆಕ್ಕ ಮಾಡುತ್ತಿದ್ದವು, ಗ್ರಾಹಕರಿಗೆ ಹೋಗುತ್ತಿದ್ದುದು ಹಳೇ ಉತ್ತರ. ವ್ಯತ್ಯಾಸ ಬಂದ ಬಿಲ್‌ಗಳಲ್ಲಿ ಮುಕ್ಕಾಲು ಪಾಲು ರೌಂಡಿಂಗ್‌ನದ್ದೇ. 0.334ರ ಮೂರು ಸಾಲಿದ್ದರೆ ಸಾಲುಸಾಲಾಗಿ ರೌಂಡ್ ಮಾಡಿದಾಗ 0.99, ಮೊತ್ತವನ್ನು ಮಾಡಿದಾಗ 1.00. ಹಳೇ ಕೋಡ್ ಮಾಡುತ್ತಿದ್ದ ಹಾಗೇ ಹೊಸದರಲ್ಲೂ ಉಳಿಸಿದೆ. ಲೆಕ್ಕಪತ್ರದವರ ಹಳೇ ಪುಸ್ತಕಗಳೆಲ್ಲ ಆ ಲೆಕ್ಕದಲ್ಲೇ ಇದ್ದವು.

ಈ ನಡುವೆ ಪಾವತಿ ಭಾಗದಲ್ಲಿ ಇವೆಂಟ್ ಸೋರ್ಸಿಂಗ್ (ಆದ ಪ್ರತಿ ಘಟನೆಯನ್ನೂ ಸಾಲಾಗಿ ಬರೆದಿಟ್ಟು, ಅದರಿಂದಲೇ ಈಗಿನ ಸ್ಥಿತಿ ಲೆಕ್ಕ ಹಾಕೋದು) ಕೂಡ ಮಾಡಿ ನೋಡಿದೆ. ಇತಿಹಾಸ ಪೂರ್ತಿ ಸಿಗುತ್ತದೆ, ಅದು ನಿಜ. ಆದರೆ ಇವೆಂಟ್‌ನ ಆಕಾರ ಬದಲಾದಾಗಲೆಲ್ಲ ಹಳೇ ಆವೃತ್ತಿ ಓದೋ ಕೋಡನ್ನೂ ಸಾಕಬೇಕು. ನಮಗೆ ತಾರೀಖಿನ ಟೇಬಲ್ಲೇ ಸಾಕಾಗಿತ್ತು, ಪ್ರಯೋಗವನ್ನು ಅಲ್ಲಿಗೇ ಬಿಟ್ಟೆ.

ಫೀಚರ್ ಫ್ಲ್ಯಾಗ್ (ಕೋಡ್‌ನ ಒಂದು ಭಾಗವನ್ನು ಆನ್-ಆಫ್ ಮಾಡೋ ಸ್ವಿಚ್) ಬಗ್ಗೆ ನಾನು ಬಹಳ ಬಿಗಿ. 2012ರಲ್ಲಿ ಅಮೆರಿಕದ ಷೇರು ವಹಿವಾಟು ಕಂಪನಿ ನೈಟ್ ಕ್ಯಾಪಿಟಲ್ ಹಳೇ ಫ್ಲ್ಯಾಗನ್ನು ಹೊಸ ಕೆಲಸಕ್ಕೆ ಬಳಸಿತು. ಒಂದು ಸರ್ವರ್‌ನಲ್ಲಿ ಹೊಸ ಕೋಡ್ ಹೋಗಿರಲಿಲ್ಲ, ಅಲ್ಲಿ ಸತ್ತ ಕೋಡ್ ಎದ್ದು ಕೂತಿತು. ಮುಕ್ಕಾಲು ಗಂಟೆಯಲ್ಲಿ 44 ಕೋಟಿ ಡಾಲರ್‌ಗೂ ಜಾಸ್ತಿ ಹೋಯಿತು. ನಮ್ಮಲ್ಲಿ ಪ್ರತಿ ಫ್ಲ್ಯಾಗ್‌ಗೂ ಸಾಯೋ ತಾರೀಖು ಇದೆ, ದಾಟಿದರೆ ಬಿಲ್ಡ್ (ಕೋಡನ್ನು ಓಡಿಸೋ ರೂಪಕ್ಕೆ ತರೋ ಹಂತ) ಫೇಲ್ ಆಗುತ್ತದೆ.

ಕ್ಲೌಡ್ ಬಿಲ್ ಈಗ ಅರ್ಧಕ್ಕಿಂತ ಕೆಳಗಿದೆ, ರೂಲ್ ಎಂಜಿನ್ ಲೈಸೆನ್ಸ್ ನವೀಕರಿಸಲಿಲ್ಲ. ನೋಟಿಫಿಕೇಶನ್ ಕೋಡ್ ನೋಡೋಕೆ ಎಲ್ಲಕ್ಕಿಂತ ಕೆಟ್ಟದಾಗಿದೆ, ಅದನ್ನೂ ಸರಿ ಮಾಡು ಅಂತ ಎಲ್ಲರೂ ಹೇಳುತ್ತಾರೆ. ಮೂರು ವರ್ಷದಲ್ಲಿ ಅದಕ್ಕೆ ಬಂದಿರೋದು ಹತ್ತು ಹದಿನೈದು ಕಮಿಟ್. ನಾನು ಅದನ್ನು ಮುಟ್ಟಿಲ್ಲ.