ಎಚ್‌-1ಬಿ ವೀಸಾದಲ್ಲಿದ್ದೀರಾ? ಕಡತ ನಿಮ್ಮ ಕೈಯಲ್ಲಿರಲಿ

ಕಳೆದ ಸಲ ಅಡಿಕೆಯ ಕೊನೆಕೊಯ್ಲು ಶುರುವಾದ ವಾರ. ರಾತ್ರಿ ಒಂಬತ್ತು ದಾಟಿತ್ತು. ಶಿರಸಿಯ ನಮ್ಮ ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುವವರು ಇನ್ನೂ ಎದ್ದಿರಲಿಲ್ಲ. ಟೆಕ್ಸಾಸ್‌ನಲ್ಲಿ ಆಗ ಬೆಳಗಿನ ಕಚೇರಿ ಸಮಯ. ತಂಗಿಯ ಮಗ ಫೋನ್ ಮಾಡಿ, ‘ಮಾವ, ಇವತ್ತೇ ನನ್ನ ಕೊನೆಯ ದಿನವಂತೆ’ ಎಂದ. ‘ನಿನ್ನ ಐ-94ರಲ್ಲಿ ಯಾವ ತಾರೀಕಿದೆ?’ ಎಂದು ಕೇಳಿದೆ. ಅಮೆರಿಕದಲ್ಲಿ ಯಾವ ದಿನದವರೆಗೆ ಇರಬಹುದೆಂದು ಹೇಳುವ ದಾಖಲೆ ಅದು. ಅವನಿಗೆ ಗೊತ್ತಿರಲಿಲ್ಲ. ಅವಧಿ ವಿಸ್ತರಣೆಯ ಪತ್ರ ಕಂಪನಿಯ ವಕೀಲರ ಬಳಿ ಇತ್ತು, ಅದರ ಪ್ರತಿ ಕಂಪನಿಯ ಇಮೇಲ್‌ನಲ್ಲಿತ್ತು, ಆ ಇಮೇಲ್ ಬೆಳಿಗ್ಗೆಯೇ ಬಂದ್ ಆಗಿತ್ತು. ಬರೆದು, ಕಾದು, ಮತ್ತೆ ಬರೆದು ಕಾಗದ ಕೈಗೆ ಬರುವಷ್ಟರಲ್ಲಿ ಹನ್ನೆರಡು ದಿನ ಕಳೆದವು. ಕೆಲಸ ಹೋದ ಮೇಲೆ ಅಲ್ಲಿ ಉಳಿಯಲು ಅವನಿಗೆ ಇದ್ದದ್ದೇ ಅರವತ್ತು ದಿನ.

ಅವನದು ಎಚ್‌-1ಬಿ, ಅಂದರೆ ಅಮೆರಿಕದ ಕಂಪನಿ ಹೊರದೇಶದ ಪರಿಣತರನ್ನು ಇಟ್ಟುಕೊಳ್ಳುವ ಕೆಲಸದ ವೀಸಾ. ಇದೇ ವೀಸಾದಲ್ಲಿ ಎಂಟು ವರ್ಷ ದುಡಿದು ಊರಿಗೆ ಮರಳಿದವನು ನಾನು. ಹಾಗಾಗಿ ಅವನ ಆತಂಕ ನನಗೆ ಹೊಸದಲ್ಲ. ಭಟ್ಕಳ, ಹೊನ್ನಾವರದ ಕಡೆ ಕೊಲ್ಲಿ ದೇಶಗಳಿಗೆ ಹೋದವರ ಪಾಸ್‌ಪೋರ್ಟನ್ನು ಮಾಲೀಕ ತೆಗೆದಿಟ್ಟುಕೊಂಡ ಕಥೆಗಳನ್ನು ನಾವು ಕೇಳುತ್ತಲೇ ಬೆಳೆದಿದ್ದೇವೆ. ಸಾಫ್ಟ್‌ವೇರ್‌ನವರಿಗೆ ಆ ಕಷ್ಟವಿಲ್ಲ ಎಂದುಕೊಳ್ಳುತ್ತೇವೆ. ಅವರ ಪಾಸ್‌ಪೋರ್ಟ್ ಅವರ ಕೈಯಲ್ಲೇ ಇರುತ್ತದೆ, ನಿಜ. ಆದರೆ ಎಚ್‌-1ಬಿಯ ಅರ್ಜಿದಾರ ಕೆಲಸಗಾರನಲ್ಲ, ಕಂಪನಿ. ಅರ್ಜಿ ಹಾಕುವುದು, ಉತ್ತರ ಪಡೆಯುವುದು, ಬೇಡವೆಂದರೆ ಹಿಂತೆಗೆದುಕೊಳ್ಳುವುದು ಎಲ್ಲವೂ ಕಂಪನಿಯದೇ. ಕೆಲಸಗಾರನ ಜೀವನ ನಿಂತಿರುವ ಕಾಗದ ಬೇರೆಯವರ ಕಪಾಟಿನಲ್ಲಿರುತ್ತದೆ. ಆದ್ದರಿಂದ ಹೊರಡುವ ಮೊದಲೇ ನಿಮ್ಮದೇ ಒಂದು ಕಡತ ತೆರೆಯಿರಿ. ಅದರಲ್ಲಿ ಏನಿರಬೇಕು, ಯಾವಾಗ ಸೇರಿಸಬೇಕು ಎಂಬುದನ್ನು ಹಂತ ಹಂತವಾಗಿ ಹೇಳುತ್ತೇನೆ.

ಮೊದಲ ಹಂತ: ಹಣ ಕೇಳುವವರನ್ನು ದೂರವಿಡಿ

ವರ್ಷಕ್ಕೆ ಸಿಗುವ ಹೊಸ ಎಚ್‌-1ಬಿಗಳು 65,000. ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000 ಇವೆ. ಕಂಪನಿಗಳು ಮಾರ್ಚ್‌ನಲ್ಲಿ ಹೆಸರು ನೋಂದಾಯಿಸುತ್ತವೆ, ಲಾಟರಿಯಲ್ಲಿ ಆಯ್ಕೆಯಾದವರ ಅರ್ಜಿ ಏಪ್ರಿಲ್‌ನಿಂದ ಸಲ್ಲಿಕೆಯಾಗುತ್ತದೆ, ಕೆಲಸ ಅಕ್ಟೋಬರ್ 1ರಿಂದ. ಹಿಂದೆ ಒಬ್ಬನ ಹೆಸರನ್ನು ನಾಲ್ಕೈದು ಕಂಪನಿಗಳಿಂದ ಹಾಕಿಸಿ ಅದೃಷ್ಟ ಹೆಚ್ಚಿಸಿಕೊಳ್ಳುವ ದಂಧೆ ಇತ್ತು. 2024ರಿಂದ ಆಯ್ಕೆ ನಡೆಯುವುದು ವ್ಯಕ್ತಿಯ ಪಾಸ್‌ಪೋರ್ಟ್ ಸಂಖ್ಯೆಯ ಮೇಲೆ, ಹಾಗಾಗಿ ಎಷ್ಟು ಕಡೆ ಹಾಕಿಸಿದರೂ ಅವಕಾಶ ಒಂದೇ. ‘ಮೂರು ಕಂಪನಿಯಿಂದ ಹಾಕಿಸುತ್ತೇನೆ’ ಎಂದು ಈಗಲೂ ದುಡ್ಡು ಕೇಳುವವನು ನಿಮಗೆ ಸುಳ್ಳು ಹೇಳುತ್ತಿದ್ದಾನೆ.

ಅರ್ಜಿಯ ಶುಲ್ಕವೂ ಅದರ ವಕೀಲರ ಶುಲ್ಕವೂ ಕಂಪನಿಯ ವ್ಯವಹಾರದ ಖರ್ಚು. ನಿಮಗೆ ಕಾನೂನು ಪ್ರಕಾರ ಸಿಗಲೇಬೇಕಾದ ಸಂಬಳದಿಂದ ಅದನ್ನು ಮುರಿದುಕೊಳ್ಳುವಂತಿಲ್ಲ. ಕಂಪನಿ ಕಟ್ಟುವ 750 ಅಥವಾ 1,500 ಡಾಲರ್ ತರಬೇತಿ ಶುಲ್ಕವನ್ನಂತೂ ಯಾವ ರೂಪದಲ್ಲೂ ಕೆಲಸಗಾರನಿಂದ ವಸೂಲು ಮಾಡಬಾರದು. ನಮ್ಮ ದೇಶದಲ್ಲಿ ವಿದೇಶಿ ಕೆಲಸಕ್ಕೆ ಜನ ಕಳುಹಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಾಯಿತನಾಗಿರಬೇಕು, ಅವನ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮೀರಬಾರದು. ಅವನ ಹೆಸರು ಇದೆಯೇ ಎಂದು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ತೋಟದ ಮೇಲೆ ಸಾಲ ತೆಗೆದು ಲಕ್ಷಗಟ್ಟಲೆ ಕೊಡುವ ಅಪ್ಪ ಅಮ್ಮಂದಿರಿಗೆ ಕೈಮುಗಿದು ಹೇಳುತ್ತೇನೆ: ದಯವಿಟ್ಟು ಕೊಡಬೇಡಿ. ಆನ್‌ಲೈನ್‌ನಲ್ಲಿ ಕೊಟ್ಟು ಮೋಸಹೋಗಿದ್ದರೆ ನಾಚಿಕೊಳ್ಳದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಎರಡನೆಯ ಹಂತ: ಎಲ್‌ಸಿಎ ಓದಿ

ಅರ್ಜಿಗೂ ಮೊದಲು ಕಂಪನಿ ಅಮೆರಿಕದ ಕಾರ್ಮಿಕ ಇಲಾಖೆಗೆ ಎಲ್‌ಸಿಎ ಎಂಬ ಘೋಷಣೆ ಸಲ್ಲಿಸುತ್ತದೆ. ಕೆಲಸ ಯಾವುದು, ಯಾವ ಊರಿನಲ್ಲಿ, ಸಂಬಳ ಎಷ್ಟು, ನಾಲ್ಕು ಸಂಬಳ ಹಂತಗಳಲ್ಲಿ ಯಾವುದು ಎಂಬುದೆಲ್ಲ ಅದರಲ್ಲಿದೆ. ಆ ಊರಿನಲ್ಲಿ ಆ ಕೆಲಸಕ್ಕೆ ಚಾಲ್ತಿಯಲ್ಲಿರುವ ಸಂಬಳ ಅಥವಾ ಕಂಪನಿ ತನ್ನ ಅಂಥದೇ ನೌಕರರಿಗೆ ಕೊಡುವ ಸಂಬಳ, ಇವೆರಡರಲ್ಲಿ ಹೆಚ್ಚಿನದನ್ನು ನಿಮಗೆ ಕೊಡಬೇಕು. ನೀವು ಕೆಲಸಕ್ಕೆ ಹಾಜರಾಗುವ ದಿನದೊಳಗೆ ಇದರ ಪ್ರತಿಯನ್ನು ನಿಮ್ಮ ಕೈಗೆ ಕೊಡುವುದು ಕಂಪನಿಯ ಕರ್ತವ್ಯ. ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗುವವರೆಗೆ ಇದನ್ನು ಕಣ್ಣಿನಿಂದ ನೋಡಿರಲಿಲ್ಲ. ಕೇಳಬಹುದೆಂದು ಯಾರೂ ಹೇಳಿರಲಿಲ್ಲ. ನೀವು ಕೇಳಿ.

ಓದುವಾಗ ಊರಿನ ಹೆಸರನ್ನು ಎರಡು ಸಲ ನೋಡಿ. ನೀವು ಯಾರಿಗಾಗಿ ಕೆಲಸ ಮಾಡುತ್ತೀರೋ ಆ ಗ್ರಾಹಕ ಕಂಪನಿ ಬದಲಾಗಿ ನಿಮ್ಮನ್ನು ಬೇರೆ ಮಹಾನಗರದ ವ್ಯಾಪ್ತಿಗೆ ಕಾಯಂ ಆಗಿ ಕಳುಹಿಸಿದರೆ ತಿದ್ದುಪಡಿ ಅರ್ಜಿ ಸಲ್ಲಿಸಬೇಕಾಗುತ್ತದೆ. ‘ಹೋಗು, ಆಮೇಲೆ ಹಾಕೋಣ’ ಎಂಬ ಮಾತಿಗೆ ಒಪ್ಪಬೇಡಿ. 2026ರ ಸುತ್ತಿನಿಂದ ಹೆಚ್ಚಿನ ಸಂಬಳ ಹಂತದವರಿಗೆ ಆಯ್ಕೆಯ ಅವಕಾಶವೂ ಹೆಚ್ಚು. ಆದ್ದರಿಂದ ಕಾಗದದಲ್ಲಿ ಒಂದು ಹಂತ, ಕೈಗೆ ಬರುವ ಸಂಬಳ ಇನ್ನೊಂದು ಆಗದಂತೆ ಈಗ ಇನ್ನೂ ಎಚ್ಚರ ಬೇಕು.

ಕೆಲಸದ ಕರಾರಿನಲ್ಲಿ ‘ಬಾಂಡ್’, ಅಂದರೆ ಇಷ್ಟು ಕಾಲ ಬಿಡಬಾರದು, ಬಿಟ್ಟರೆ ಹಣ ಕಟ್ಟಬೇಕು ಎಂಬ ಷರತ್ತು ಇದ್ದರೆ ಸಹಿಗೆ ಮೊದಲು ಬೇರೆ ವಕೀಲರಿಗೆ ತೋರಿಸಿ. ಬೇಗ ಬಿಟ್ಟುಹೋದದ್ದಕ್ಕೆ ದಂಡ ಹಾಕುವಂತಿಲ್ಲ. ಆದರೆ ನಿಜವಾದ ನಷ್ಟಕ್ಕೆ ಪರಿಹಾರ ಕೇಳಲು ಕೆಲವು ರಾಜ್ಯಗಳ ಕಾನೂನು ಅವಕಾಶ ಕೊಡುತ್ತದೆ. ಎರಡರ ನಡುವಿನ ಗೆರೆ ತೆಳು.

ಮೂರನೆಯ ಹಂತ: ಐ-94ರ ತಾರೀಕು

ಪಾಸ್‌ಪೋರ್ಟಿನ ವೀಸಾ ಮುದ್ರೆ ಬಾಗಿಲು ದಾಟಲು ಮಾತ್ರ. ಒಳಗೆ ಎಷ್ಟು ದಿನ ಇರಬಹುದು ಎಂಬುದನ್ನು ಹೇಳುವುದು ಐ-94. ವಿಮಾನ ಇಳಿದ ವಾರದಲ್ಲೇ ಅದನ್ನು ಗಡಿ ರಕ್ಷಣಾ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಿ. ಪಾಸ್‌ಪೋರ್ಟಿನ ಅವಧಿ ಬೇಗ ಮುಗಿಯುವುದಿದ್ದರೆ ಐ-94 ಕೂಡ ಅದೇ ತಾರೀಕಿಗೆ ನಿಲ್ಲಬಹುದು. ಮೂರು ವರ್ಷದ ಅನುಮತಿ ಇದೆಯೆಂದು ನಿಶ್ಚಿಂತೆಯಿಂದಿದ್ದು, ಅರಿಯದೆ ಅವಧಿ ಮೀರಿ ಉಳಿದವರಿದ್ದಾರೆ. ಊರಿನಲ್ಲಿರುವಾಗಲೇ ಪಾಸ್‌ಪೋರ್ಟ್ ನವೀಕರಿಸಿಕೊಂಡು ಹೊರಟರೆ ಈ ಪೀಡೆ ಇಲ್ಲ. ಅಮೆರಿಕದೊಳಗೇ ಅವಧಿ ವಿಸ್ತರಣೆಯಾದರೆ ಹೊಸ ಐ-94 ಅನುಮತಿ ಪತ್ರವಾದ ಐ-797ರ ಕೆಳಭಾಗದಲ್ಲೇ ಇರುತ್ತದೆ. ತಂಗಿಯ ಮಗನದು ಹೀಗೆಯೇ ಆಗಿತ್ತು, ಆ ಹಾಳೆಗಾಗಿಯೇ ಹನ್ನೆರಡು ದಿನ ಹೋದದ್ದು.

ಐ-797, ಎಲ್‌ಸಿಎ, ಐ-94, ಕರಾರು, ಪ್ರತಿ ತಿಂಗಳ ಸಂಬಳ ಚೀಟಿ, ವರ್ಷದ ತೆರಿಗೆ ಪತ್ರ. ಇವನ್ನು ನಿಮ್ಮ ಸ್ವಂತ ಇಮೇಲ್‌ಗೆ ಕಳುಹಿಸಿಕೊಳ್ಳಿ, ಒಂದು ಪ್ರತಿಯನ್ನು ಊರಿನ ಮನೆಯವರಿಗೂ ಕೊಡಿ.

ನಾಲ್ಕನೆಯ ಹಂತ: ಬೆಂಚಿನಲ್ಲಿ ಕೂರಿಸಿದರೆ

ಪ್ರಾಜೆಕ್ಟ್ ಇಲ್ಲದೆ ಕಾಯಿಸುವುದಕ್ಕೆ ‘ಬೆಂಚು’ ಎನ್ನುತ್ತಾರೆ. ಪ್ರಾಜೆಕ್ಟ್ ಇಲ್ಲವೆಂದು ಸಂಬಳ ನಿಲ್ಲಿಸುವುದು ಕಾನೂನುಬಾಹಿರ. ಕೆಲಸ ಒದಗಿಸುವುದು ಕಂಪನಿಯ ಹೊಣೆ, ಬೆಂಚಿನಲ್ಲಿದ್ದರೂ ಎಲ್‌ಸಿಎಯಲ್ಲಿ ಹೇಳಿದ ಸಂಬಳ ಬರಬೇಕು. ಬಾರದಿದ್ದರೆ ಕಾರ್ಮಿಕ ಇಲಾಖೆಗೆ ಡಬ್ಲ್ಯೂಎಚ್‌-4 ಎಂಬ ನಮೂನೆಯಲ್ಲಿ ಹನ್ನೆರಡು ತಿಂಗಳೊಳಗೆ ದೂರು ಕೊಡಬಹುದು. ದೂರಿಗೆ ಸಂಬಳ ಚೀಟಿಗಳೇ ಬಲ.

ಐದನೆಯ ಹಂತ: ಕೆಲಸ ಹೋದ ದಿನ

ಅಳು ಬರುತ್ತದೆ. ಅತ್ತುಕೊಳ್ಳಿ, ಆದರೆ ಅದೇ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 2017ರಿಂದ ಜಾರಿಯಲ್ಲಿರುವ ನಿಯಮದಂತೆ ಗರಿಷ್ಠ ಅರವತ್ತು ದಿನ ಉಳಿಯಬಹುದು. ಐ-94 ಅದಕ್ಕೂ ಮೊದಲೇ ಮುಗಿದರೆ ಅಷ್ಟೇ. ಲೆಕ್ಕ ಸಾಮಾನ್ಯವಾಗಿ ಸಂಬಳ ಸಂದ ಕೊನೆಯ ದಿನದ ಮರುದಿನದಿಂದ ಶುರು. ಆ ಕೊನೆಯ ದಿನ ಯಾವುದು ಎಂಬುದನ್ನು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಹೆಂಡತಿ ಮಕ್ಕಳ ವಾಸದ ಹಕ್ಕೂ ಇದೇ ಲೆಕ್ಕಕ್ಕೆ ಕಟ್ಟಿಕೊಂಡಿದೆ.

ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಸಲ್ಲಿಸಿದರೆ ಸಾಕು, ಮಂಜೂರಾತಿಗೆ ಕಾಯದೆ ಅಲ್ಲಿ ಕೆಲಸಕ್ಕೆ ಸೇರಬಹುದು. ಕೆಲಸ ಸಿಗದಿದ್ದರೆ ಸಂದರ್ಶಕರ ವೀಸಾಕ್ಕೋ, ಸಂಗಾತಿಗೆ ಎಚ್‌-1ಬಿ ಇದ್ದರೆ ಅವಲಂಬಿತರ ಎಚ್‌-4ಕ್ಕೋ ಬದಲಾವಣೆ ಕೋರಿ ಅರ್ಜಿ ಹಾಕಬೇಕು, ಇಲ್ಲವೇ ಹೊರಡಬೇಕು. ಅವಧಿಗೆ ಮೊದಲೇ ಕಂಪನಿ ತೆಗೆದುಹಾಕಿದ್ದರೆ ನೀವು ತಾಯ್ನಾಡಿಗೆ ಮರಳುವ ಪ್ರಯಾಣದ ನ್ಯಾಯವಾದ ಖರ್ಚನ್ನು ಅದೇ ಕೊಡಬೇಕು. ಈ ಹೊತ್ತಿನಲ್ಲಿ ನಿಮ್ಮದೇ ವಕೀಲರನ್ನು ಹಿಡಿಯಿರಿ, ಕಂಪನಿಯ ವಕೀಲರು ಕಂಪನಿಯ ಹಿತ ಕಾಯಬೇಕಾದವರು.

ಬೇಸರದಿಂದ ತಟ್ಟನೆ ವಿಮಾನ ಹತ್ತಿ ಬರಬೇಡಿ. 2025ರ ಸೆಪ್ಟೆಂಬರ್ 21ರಿಂದ, ದೇಶದ ಹೊರಗಿರುವವರ ಪರವಾಗಿ ಹಾಕುವ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕೆಂಬ ಅಧ್ಯಕ್ಷರ ಆದೇಶ ಬಂದಿತು. ಒಳಗಿದ್ದು ಕಂಪನಿ ಬದಲಿಸುವವನಿಗೂ ಹೊರಬಂದು ಮತ್ತೆ ಹೋಗುವವನಿಗೂ ಎಷ್ಟು ಅಂತರವಾಯಿತು ನೋಡಿ.

ಹಸಿರು ಕಾರ್ಡಿನ, ಅಂದರೆ ಅಮೆರಿಕದ ಕಾಯಂ ವಾಸದ ಅನುಮತಿಯ ದಾರಿಯಲ್ಲಿರುವವರಿಗೆ ಒಂದೇ ಮಾತು. ಒಂದು ದೇಶದವರಿಗೆ ವರ್ಷಕ್ಕೆ ಶೇ 7ಕ್ಕಿಂತ ಹೆಚ್ಚು ಸಿಗದ ಕಾರಣ ಭಾರತೀಯರ ಸರದಿ ದಶಕ ಮೀರಿ ಬೆಳೆದಿದೆ. ಹಸಿರು ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿ 180 ದಿನ ಕಳೆದಿದ್ದರೆ ಕಂಪನಿ ಕೈಬಿಟ್ಟರೂ ನಿಮ್ಮ ಸರದಿಯ ತಾರೀಕು ಉಳಿಯುತ್ತದೆ, ಆರು ವರ್ಷದ ಮಿತಿ ದಾಟಿಯೂ ಎಚ್‌-1ಬಿ ವಿಸ್ತರಣೆ ಸಿಗುತ್ತದೆ. ಅದರ ಪ್ರತಿಯನ್ನು ಕೆಲಸದಲ್ಲಿರುವಾಗಲೇ ಬೇಡಿ ಪಡೆಯಿರಿ.

ಕೊನೆಯ ಹಂತ: ಊರಿಗೆ ಬರುವ ಮುನ್ನ

ತಂಗಿಯ ಮಗನ ಪರವಾಗಿ ಹೊಸ ಕಂಪನಿ ನಲವತ್ತನಾಲ್ಕನೆಯ ದಿನ ಅರ್ಜಿ ಸಲ್ಲಿಸಿತು. ಸ್ವೀಕೃತಿ ಬಂದ ರಾತ್ರಿಯೇ ಅದರ ಪ್ರತಿಯನ್ನು ನನಗೂ ಕಳುಹಿಸಿದ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೆ ಬರಬೇಕೆಂದು ಅವನಿಗೆ ಆಸೆ, ತಂಗಿಗಂತೂ ಇನ್ನೂ ಹೆಚ್ಚು. ಆದರೆ ಅವನ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿದೆ, ಬಂದರೆ ಇಲ್ಲಿ ವೀಸಾ ಸಂದರ್ಶನಕ್ಕೆ ಹೋಗಿ ಹೊಸದು ಹಾಕಿಸಿಕೊಂಡೇ ಮರಳಬೇಕು. 2025ರ ಡಿಸೆಂಬರ್‌ನಲ್ಲಿ ಸಾಮಾಜಿಕ ಜಾಲತಾಣ ಖಾತೆಗಳ ಪರಿಶೀಲನೆಯನ್ನು ಎಚ್‌-1ಬಿಗೂ ವಿಸ್ತರಿಸಿದಾಗ ಭಾರತದಲ್ಲಿ ಅನೇಕರ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ರಜೆಗೆಂದು ಬಂದವರು ಇಲ್ಲೇ ಉಳಿದರು. ಹೊಸ ಕಂಪನಿಯಲ್ಲಿ ಅಷ್ಟು ದಿನ ರಜೆ ಸಿಗುವುದಿಲ್ಲ. ಸಂದರ್ಶನದ ದಿನ ಗಟ್ಟಿಯಾಗುವವರೆಗೆ ಟಿಕೆಟ್ ಕೊಳ್ಳಬೇಡ ಎಂದೆ. ತಂಗಿ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಬಂದು, ಮಗ ಕಳುಹಿಸಿದ ಕಾಗದಗಳ ಪ್ರತಿ ತೆಗೆಸಿಕೊಂಡು ಹೋಗಿ ತೋಟದ ಪಹಣಿ ಇಡುವ ಪೆಟ್ಟಿಗೆಯಲ್ಲಿಟ್ಟಳು.