ಏಜೆಂಟ್ ಸಿಕ್ಕ ಮೇಲೆ ಏನಾಗುತ್ತದೆ: ಶಿರಸಿಯಿಂದ ನನ್ನ ಅನುಭವ

ನಮ್ಮ ಪುಸ್ತಕವನ್ನು ಪ್ರಕಾಶಕರಿಗೆ ಮಾರಿಕೊಡುವ ಸಾಹಿತ್ಯ ಏಜೆಂಟ್ ಒಪ್ಪಿಕೊಂಡರೆ ಪುಸ್ತಕ ಮಾರಾಟ ಆದ ಹಾಗೇ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ನಾನು ಏಜೆಂಟ್ ಒಪ್ಪಂದಕ್ಕೆ ಸಹಿ ಹಾಕಿದ್ದಕ್ಕೂ ಪ್ರಕಾಶಕರ ಮೊದಲ ಕಂತು ಬ್ಯಾಂಕಿಗೆ ಬಂದಿದ್ದಕ್ಕೂ ನಡುವೆ ಹತ್ತಿರಹತ್ತಿರ ಎರಡು ವರ್ಷ ಹೋಯಿತು. ಆದರೆ ಬಂತು. ಶಿರಸಿಯಲ್ಲೇ ಕೂತು ಕನ್ನಡದಲ್ಲಿ ಬರೆದ ಕಾದಂಬರಿಯನ್ನು ದೆಹಲಿಯ ಇಂಗ್ಲಿಷ್ ಪ್ರಕಾಶಕರು ತೆಗೆದುಕೊಂಡರು. "ಅಲ್ದಾ ಮಾರಾಯ, ಪುಸ್ತಕಕ್ಕೂ ದಲಾಲಿನಾ?" ಎಂದು ಅಡಿಕೆ ವಖಾರಿಯಲ್ಲಿ ಕೇಳಿದವರಿದ್ದಾರೆ. "ಏಜೆಂಟ್ ಎಲ್ಲ ಇಂಗ್ಲಿಷಲ್ಲಿ ಬರೆಯುವವರಿಗೆ" ಎಂದ ಬರಹಗಾರ ಗೆಳೆಯರೂ ಇದ್ದಾರೆ. ಅವರೆಲ್ಲ ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಏಜೆಂಟ್ ಹುಡುಕುವಾಗ ಕಳಿಸುವ ಮಾದರಿ ಅನುವಾದ (ಕಾದಂಬರಿಯ ಒಂದು ಭಾಗದ ಇಂಗ್ಲಿಷ್), ಸಾರಾಂಶ, ಪರಿಚಯ ಪತ್ರ ಇವೆಲ್ಲ ಬೇರೆ ಕಥೆ. ಅದನ್ನು ಬಿಡುತ್ತೇನೆ.

ಸಹಿ ಆದ ಮೇಲೆ ಮೊದಲು ಬಂದದ್ದು ಕಾಗದಪತ್ರದ ಕೆಲಸ. "ಅನುವಾದದ ಹಕ್ಕು ಯಾರ ಹತ್ತಿರ ಇದೆ?" ಎಂದು ಏಜೆಂಟ್ ಕೇಳಿದರು. ಕಾದಂಬರಿಯನ್ನು ಮೊದಲು ತಂದ ಕನ್ನಡ ಪ್ರಕಾಶಕರ ಜೊತೆ ನನ್ನದು ಬಾಯಿಮಾತಿನ ವ್ಯವಹಾರ. ನಮ್ಮಲ್ಲಿ ಸುಮಾರು ಜನರದ್ದು ಹಾಗೇ ಅಲ್ವಾ? ಸಾವಿರ ಪ್ರತಿ, ಹತ್ತು ಪರ್ಸೆಂಟ್ ರಾಯಲ್ಟಿ (ಮಾರಾಟದಲ್ಲಿ ಲೇಖಕರ ಪಾಲು), ಅದರಲ್ಲೂ ಒಂದಿಷ್ಟು ಪುಸ್ತಕದ ರೂಪದಲ್ಲಿ. ಇಂಗ್ಲಿಷ್ ಅನುವಾದದ ಸುದ್ದಿ ಕಿವಿಗೆ ಬಿದ್ದದ್ದೇ ಅವರು ಅರ್ಧ ಪಾಲು ಕೇಳಿದರು. ತಿಂಗಳುಗಟ್ಟಲೆ ಎಳೆದಾಟ ನಡೆಯಿತು. ಕೊನೆಗೆ ಕೆಲಸಕ್ಕೆ ಬಂದದ್ದು 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ. ಹಕ್ಕು ಬಿಟ್ಟುಕೊಡುವುದಾದರೆ ಅದು ಬರಹದಲ್ಲಿ ಇರಬೇಕು, ಕೊಟ್ಟವರ ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಯಾವ ದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಾನು ಯಾವುದಕ್ಕೂ ಸಹಿಯೇ ಹಾಕಿರಲಿಲ್ಲ, ಹಾಗಾಗಿ ಹಕ್ಕು ನನ್ನದೇ. ಕನ್ನಡ ಪ್ರಕಾಶಕರಿಂದ 'ಆಕ್ಷೇಪಣೆ ಇಲ್ಲ' ಎಂದು ಒಂದು ಪುಟ ಬರೆಸಿಕೊಂಡೆ. ಆ ಪುಟ ಕೈಗೆ ಬರುವವರೆಗೆ ಏಜೆಂಟ್ ಯಾವ ಪ್ರಕಾಶನದ ಸಂಪಾದಕರಿಗೂ ಹಸ್ತಪ್ರತಿ ಕಳಿಸಲಿಲ್ಲ.

ಏಜೆಂಟ್ ಜೊತೆಗಿನ ಒಪ್ಪಂದದಲ್ಲಿ ಕಮಿಷನ್ ದೇಶದೊಳಗೆ 15 ಪರ್ಸೆಂಟ್, ಹೊರದೇಶಕ್ಕೆ 20. ಪುಸ್ತಕ ಮಾರಾಟವಾದರೆ ಮಾತ್ರ ಅದು. ಓದುವುದಕ್ಕೇ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ನನಗೆ ಮುಂಚೆ ಒಬ್ಬರು 'ಮೌಲ್ಯಮಾಪನ'ಕ್ಕೆ ಅಂತ 25 ಸಾವಿರ ಕೇಳಿದ್ದರು, ಅಲ್ಲಿಗೇ ಬಿಟ್ಟೆ. ಇನ್ನೊಂದು ವಿಷಯ: ಏಜೆಂಟರನ್ನು ಬಿಟ್ಟರೂ, ಅವರು ಮಾರಿಸಿದ ಪುಸ್ತಕದ ಕಮಿಷನ್ ಅವರಿಗೆ ಹೋಗುತ್ತಲೇ ಇರುತ್ತದೆ. ಆ ಕಲಮನ್ನು ಸರಿಯಾಗಿ ಓದಿಕೊಳ್ಳಿ. ನಾನು ಕನ್ನಡದ ನಾಟಕ, ಯಕ್ಷಗಾನ, ಸಿನಿಮಾ ಹಕ್ಕುಗಳನ್ನು ಒಪ್ಪಂದದಿಂದ ಹೊರಗೆ ಇಡಿಸಿದೆ. ಏನು ಹೇಳಿ ಒಪ್ಪಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಆಮೇಲೆ ತಿದ್ದುಪಡಿ. ಏಜೆಂಟರಿಂದ ಏಳೆಂಟು ಪುಟದ ಟಿಪ್ಪಣಿ ಬಂತು. ಮಾರಿಕಾಂಬಾ ಜಾತ್ರೆಯ ಭಾಗ ಅರ್ಧಕ್ಕೆ ಇಳಿಯಬೇಕು, ತಂಗಿಯ ಪಾತ್ರ ಬೇಗ ಬರಬೇಕು. ಜಾತ್ರೆಯನ್ನು ಕತ್ತರಿಸಲು ಕೈ ಬರಲಿಲ್ಲ. ಆಗಲೇ ಒಂದು ಪ್ರಯೋಗ ಮಾಡಿದೆ. ಆಡಿಯೋ ಪುಸ್ತಕ ಮಾಡೋಣ ಅಂತ ಅಧ್ಯಾಯಗಳನ್ನು ಮೊಬೈಲಿನಲ್ಲಿ ಓದಿ ರೆಕಾರ್ಡ್ ಮಾಡಿದೆ. ಆಷಾಢದ ಮಳೆ ಹಂಚಿನ ಮೇಲೆ ಸುರಿಯುವ ಸದ್ದಿನಲ್ಲಿ ಯಾವುದೂ ಉಪಯೋಗಕ್ಕೆ ಬರಲಿಲ್ಲ. ಆದರೆ ಕೇಳುವಾಗ ಎಲ್ಲಿ ಎಳೆಯುತ್ತಿದೆ ಅಂತ ಗೊತ್ತಾಯಿತು. ಏಜೆಂಟ್ ಹೇಳಿದ್ದಕ್ಕಿಂತ ಜಾಸ್ತಿಯೇ ಕತ್ತರಿಸಿದೆ! ತಂಗಿಯನ್ನು ಮಾತ್ರ ಇದ್ದಲ್ಲೇ ಬಿಟ್ಟೆ. ಈಗ ಸಂಪಾದಕರು ಹೊಗಳಿದ್ದೂ ಅವಳ ಪ್ರವೇಶವನ್ನೇ.

'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲ್ ಇರುವವರಿಗೆ ಒಂದು ಮಾತು. ಯೂನಿಕೋಡ್‌ಗೆ ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಸಾಲುಸಾಲಾಗಿ ನೋಡಿ. ಇಲ್ಲದಿದ್ದರೆ ಅನುವಾದಕರು ಅರ್ಧ ದಿನ ಅದರಲ್ಲೇ ಕಳೆಯುತ್ತಾರೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಮಾದರಿ ಅನುವಾದಕ್ಕೆ ಪದಕ್ಕೆ 2 ರೂಪಾಯಿ ಹಾಗೆ ಕೊಟ್ಟಿದ್ದೆ. ತಿದ್ದಿದ ಭಾಗಕ್ಕೆ ಮತ್ತೆ ಕೊಟ್ಟೆ. ಎಲ್ಲ ಸೇರಿ 40 ಸಾವಿರದ ಹತ್ತಿರ ಕೈಯಿಂದ ಹೋಯಿತು. ಅದು ತೋಟಕ್ಕೆ ಕೊಳೆ ರೋಗ ಬಂದ ವರ್ಷ, ಮನೆಯಲ್ಲಿ ಯಾರಿಗೂ ಇದು ಇಷ್ಟವಿರಲಿಲ್ಲ.

ಮೊದಲ ಸುತ್ತಿನಲ್ಲಿ ಏಳೆಂಟು ಸಂಪಾದಕರಿಗೆ ಹೋಯಿತು. ಅರ್ಧ ಜನ ಉತ್ತರವನ್ನೇ ಕೊಡಲಿಲ್ಲ. ಉಳಿದವರದ್ದು ಒಂದೇ ರಾಗ: ಬರವಣಿಗೆ ಚೆನ್ನಾಗಿದೆ, ನಮ್ಮ ಪಟ್ಟಿಗೆ ಹೊಂದುವುದಿಲ್ಲ. ಒಬ್ಬರಿಗೆ ತುಂಬಾ ಹಿಡಿಸಿತು, ಆದರೆ ಅವರ ಮಾರಾಟ ವಿಭಾಗದವರು ಸಭೆಯಲ್ಲಿ ಬೇಡ ಅಂದರು. ಸಂಪಾದಕರ ಇಷ್ಟವೊಂದೇ ಸಾಲದು ಅನ್ನುವುದು ಇಲ್ಲಿ ಗೊತ್ತಾಗಬೇಕು. ಆರು ತಿಂಗಳು ಏನೂ ನಡೆಯಲಿಲ್ಲ. ಬಹಳ ಜನ ಕೈಬಿಡುವುದು ಇಲ್ಲೇ. ನಾನು ಪ್ರತಿ ತಿಂಗಳ ಮೊದಲ ವಾರ ಏಜೆಂಟರಿಗೆ ಒಂದೇ ಒಂದು ಮೇಲ್ ಹಾಕುತ್ತಿದ್ದೆ. ಯಾರಿಗೆ ಹೋಗಿದೆ, ಯಾವತ್ತು, ಏನು ಉತ್ತರ, ಇಷ್ಟೇ. ನಡುವೆ ಫೋನ್ ಮಾಡುತ್ತಿರಲಿಲ್ಲ. ಆ ಪಟ್ಟಿ ನೋಡಿಯೇ ನಮಗಿಬ್ಬರಿಗೂ ತೊಂದರೆ ಕಥೆಯಲ್ಲಿಲ್ಲ, ಸಂಪಾದಕರಿಗೆ ಕಳಿಸುವ ಪುಸ್ತಕ ಪರಿಚಯದ ಮೂರು ಸಾಲಿನಲ್ಲಿದೆ ಅಂತ ಹೊಳೆದದ್ದು. ಹೊಸ ಸಾಲುಗಳನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಕಾದಂಬರಿಗೂ ಬೇಕು.

2025ರ ಮೇ ತಿಂಗಳಲ್ಲಿ ಕನ್ನಡ ಕಥೆಗಳ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತು. ಆ ವಾರವೇ ಏಜೆಂಟರಿಗೆ ಫೋನ್ ಮಾಡಿ "ಎರಡನೇ ಸುತ್ತು ಈಗಲೇ ಕಳಿಸಿ" ಎಂದೆ. ಅವರು ಮಳೆಗಾಲ ಕಳೆಯಲಿ ಅನ್ನುತ್ತಿದ್ದರು. ನಾನು ಪಟ್ಟು ಬಿಡಲಿಲ್ಲ. ಎರಡು ಕಡೆಯಿಂದ ಆಸಕ್ತಿ ಬಂತು, ಒಂದು ಕುದುರಿತು.

ಮುಂಗಡ 1 ಲಕ್ಷ 80 ಸಾವಿರ. ಕೇಳಲು ದೊಡ್ಡದು. ಆದರೆ ಮೂರು ಕಂತು: ಸಹಿಗೆ ಒಂದು, ಪೂರ್ತಿ ಅನುವಾದ ಒಪ್ಪಿಸಿದಾಗ ಒಂದು, ಪುಸ್ತಕ ಬಂದಾಗ ಒಂದು. ಮೊದಲ 60 ಸಾವಿರದಲ್ಲಿ ಏಜೆಂಟರದ್ದು 9 ಸಾವಿರ. ಉಳಿದದ್ದರಲ್ಲಿ ಅರ್ಧ ಅನುವಾದಕರಿಗೆ. ಬೂಕರ್‌ನಲ್ಲೂ 50 ಸಾವಿರ ಪೌಂಡ್ ಲೇಖಕರಿಗೂ ಅನುವಾದಕರಿಗೂ ಸಮ ಪಾಲು, ಹಾಗಾಗಿ ನಾನು ಚೌಕಾಸಿ ಮಾಡಲಿಲ್ಲ. ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) 10 ಪರ್ಸೆಂಟ್ ಕಳೆದು ನನ್ನ ಖಾತೆಗೆ ಬಂದದ್ದು ಸುಮಾರು 23 ಸಾವಿರ. ಮುಂಗಡ ಅಂದರೆ ಮುಂದಿನ ರಾಯಲ್ಟಿಯ ದುಡ್ಡೇ. ಅಷ್ಟು ಮಾರಾಟದಲ್ಲಿ ವಸೂಲಾಗುವವರೆಗೆ ಬೇರೆ ರಾಯಲ್ಟಿ ಇಲ್ಲ.

ಎರಡನೇ ಕಂತೂ ಬಂದಿದೆ. ಹಾಕಿದ ದುಡ್ಡು ವಾಪಸ್ ಆಯಿತು. ಹೊಸ ಕಾದಂಬರಿ ಈಗ ಕನ್ನಡ ಪ್ರಕಾಶಕರ ಕೈಯಲ್ಲಿದೆ, ಈ ಸಲ ಎರಡು ಪುಟದ ಒಪ್ಪಂದ ಬರೆಸಿಯೇ ಕೊಟ್ಟಿದ್ದೇನೆ: ಕನ್ನಡ ಮುದ್ರಣ ಮಾತ್ರ, ಐದು ವರ್ಷಕ್ಕೆ.